ಓಟಿನ ದಿನದ ಕೂಲಿ

2024ರ ಲೋಕಸಭಾ ಚುನಾವಣೆಗೆ ಕರ್ನಾಟಕ ಎರಡು ಹಂತದಲ್ಲಿ ಮತ ಹಾಕಿತು. ಏಪ್ರಿಲ್ 26ರ ಶುಕ್ರವಾರ ಬೆಂಗಳೂರೂ ಸೇರಿ 14 ಕ್ಷೇತ್ರಗಳು; ಮೇ 7ರ ಮಂಗಳವಾರ ಬೀದರ್, ಬೆಳಗಾವಿಯಿಂದ ಹಿಡಿದು ದಾವಣಗೆರೆ, ಶಿವಮೊಗ್ಗದವರೆಗಿನ ಉಳಿದ 14. ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಯಾವ ಅಪಾರ್ಟ್‌ಮೆಂಟಿನ ಹಿಂದೆ ಹೋಗಿ ನೋಡಿದರೂ ತಗಡಿನ ಶೆಡ್ಡುಗಳ ಸಾಲು ಕಾಣುತ್ತದೆ. ಅಲ್ಲಿರುವವರಲ್ಲಿ ಯಾದಗಿರಿ, ಸುರಪುರ, ದೇವದುರ್ಗ, ಲಿಂಗಸುಗೂರು ಕಡೆಯವರು ಬಹಳ. ಗಂಡಸರು ಸೆಂಟ್ರಿಂಗ್, ಗಾರೆ ಕೆಲಸಕ್ಕೆ; ಹೆಂಗಸರು ಇಟ್ಟಿಗೆ, ಮರಳು ಹೊರಲಿಕ್ಕೆ. ಏಪ್ರಿಲ್ 26ರಂದು ಊರಿಗೆ ಊರೇ ರಜೆಯಲ್ಲಿದ್ದಾಗ ಇವರಿಗೆ ಇಲ್ಲಿ ಓಟಿರಲಿಲ್ಲ. ಇವರ ಓಟಿದ್ದದ್ದು ಮೇ 7ಕ್ಕೆ. ಅಂದು ಬೆಂಗಳೂರಿಗೆ ಅದೊಂದು ಮಾಮೂಲಿ ಮಂಗಳವಾರ. ಸುರಪುರದವರಿಗಂತೂ ಆ ದಿನ ಎರಡು ಮತ ಹಾಕುವುದಿತ್ತು: ಲೋಕಸಭೆಗೊಂದು, ವಿಧಾನಸಭೆಯ ಉಪಚುನಾವಣೆಗೊಂದು.

‘ಓಟ್ ಹಾಕಾಕ ಊರಿಗೆ ಹೋಗಿಬರ್ತೀವ್ರಿ’ ಎಂದು ಕೇಳಿದವರಿಗೆ ‘ಓಟು ಹೋದ ತಿಂಗಳೇ ಮುಗೀತಲ್ಲಪ್ಪಾ’ ಎಂಬ ಉತ್ತರ ಸಿಗುವುದು ಇಂಥ ಕಡೆಯೇ. ಹಾಗೆ ಹೇಳುವ ಮೇಸ್ತ್ರಿ ಕೆಟ್ಟವನೇ ಆಗಬೇಕಿಲ್ಲ. ಅವನಿಗೆ ಗುತ್ತಿಗೆದಾರ ಹೇಳಿಲ್ಲ, ಗುತ್ತಿಗೆದಾರನಿಗೆ ಬಿಲ್ಡರ್ ಹೇಳಿಲ್ಲ, ಬಿಲ್ಡರಿಗೆ ಹೇಳಬೇಕಾದವರು ಪತ್ರಿಕಾ ಪ್ರಕಟಣೆ ಕೊಟ್ಟು ಸುಮ್ಮನಾಗಿದ್ದಾರೆ. ಆದರೆ ಕಾನೂನು ಸುಮ್ಮನಿಲ್ಲ. ಅದು ಈ ಕೂಲಿಯವರ ಪರವಾಗಿ ಬಹಳ ಸ್ಪಷ್ಟವಾಗಿ ಮಾತಾಡಿದೆ.

1951ರ ಜನಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿದ 135ಬಿ ಕಲಮು ಹೇಳುವುದಿಷ್ಟು. ಯಾವುದೇ ವ್ಯಾಪಾರ, ಉದ್ಯಮ, ಕೈಗಾರಿಕೆ ಅಥವಾ ಇನ್ನಾವುದೇ ಸಂಸ್ಥೆಯಲ್ಲಿ ದುಡಿಯುವವರಿಗೆ ಲೋಕಸಭೆ ಅಥವಾ ವಿಧಾನಸಭೆ ಚುನಾವಣೆಯಲ್ಲಿ ಮತದ ಹಕ್ಕಿದ್ದರೆ ಮತದಾನದ ದಿನ ರಜೆ ಕೊಡಬೇಕು. ಅದಕ್ಕಾಗಿ ಸಂಬಳ ಹಿಡಿಯುವಂತಿಲ್ಲ. ಕೆಲಸ ಮಾಡದ ದಿನಕ್ಕೆ ಕೂಲಿಯಿಲ್ಲ ಎಂಬ ಕರಾರಿನ ಮೇಲೆ ದುಡಿಯುವವರಿಗೂ ಅಂದಿನ ಕೂಲಿ ಪೂರ್ತಿ ಸಲ್ಲಬೇಕು. ಈ ಕೊನೆಯ ಮಾತೇ ಕಲಮಿನ ಜೀವ. ತಿಂಗಳ ಸಂಬಳದವರಿಗೆ ಸರ್ಕಾರಿ ರಜೆ ಘೋಷಿಸಿದರೆ ಸಾಕು, ಅವರ ಸಂಬಳ ಎಲ್ಲಿಗೂ ಹೋಗುವುದಿಲ್ಲ. ದಿನಗೂಲಿಯವರಿಗೆ ಬರೀ ರಜೆ ಕೊಟ್ಟರೆ ಅದು ಉಪವಾಸ ಕೊಟ್ಟಂತೆ. ಇದನ್ನು ಅರಿತವರೇ ಆ ವಾಕ್ಯ ಬರೆದಿದ್ದಾರೆ ಅನ್ನಿಸುತ್ತದೆ.

ಚುನಾವಣಾ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಬ್ಬರ ಹೆಸರು ಮತದಾನ ನಡೆಯುವ ಕ್ಷೇತ್ರದ ಪಟ್ಟಿಯಲ್ಲಿದ್ದು, ಅವರು ದುಡಿಯುವ ಜಾಗ ಆ ಕ್ಷೇತ್ರದ ಹೊರಗಿದ್ದರೂ ವೇತನಸಹಿತ ರಜೆಗೆ ಅವರು ಅರ್ಹರು. ದಿನಗೂಲಿ ಮತ್ತು ತಾತ್ಕಾಲಿಕ ಕೆಲಸಗಾರರಿಗೂ ಇದು ಅನ್ವಯಿಸುತ್ತದೆ ಎಂದು ಆಯೋಗ ರಾಜ್ಯಗಳಿಗೆ ಮತ್ತೆ ಮತ್ತೆ ಬರೆದಿದೆ. ಅಂದರೆ ಮೇ 7ರಂದು ಬೆಂಗಳೂರಿನ ಶೆಡ್ಡಿನಲ್ಲಿದ್ದ ದೇವದುರ್ಗದ ಹೆಣ್ಣುಮಗಳಿಗೆ ಕೂಲಿ ಸಮೇತ ರಜೆ ಹಕ್ಕಾಗಿಯೇ ಸಿಗಬೇಕಿತ್ತು. ಹೊಸೂರಿನಲ್ಲಿ ಮನೆಯಿದ್ದು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬರುವವರಿಗೆ, ತಮಿಳುನಾಡು ಮತ ಹಾಕಿದ ಏಪ್ರಿಲ್ 19ರಂದು ಸಿಗಬೇಕಿತ್ತು. ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಒಡಿಶಾದ ಹುಡುಗಿಯರಿಗೆ ಮೇ 13ರಿಂದ ಶುರುವಾದ ಹಂತಗಳಲ್ಲಿ ಅವರವರ ಮತದಾನದ ದಿನ ಸಿಗಬೇಕಿತ್ತು. ಇವರೆಲ್ಲರ ಹಾಜರಿ ಪುಸ್ತಕದಲ್ಲಿ ಅಂದು ಏನು ಬರೆದರು ಎಂದು ನೋಡುವ ಒಬ್ಬ ಅಧಿಕಾರಿಯನ್ನಾದರೂ ಈ ವ್ಯವಸ್ಥೆ ನೇಮಿಸಿದ್ದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು.

ಸಿಟ್ಟಿಗೆ ಇನ್ನೊಂದು ಕಾರಣ ಅದೇ ಕಲಮಿನ ಮೂರನೇ ಉಪಕಲಮಿನಲ್ಲಿದೆ. ರಜೆ ಕೊಡದ, ಕೂಲಿ ಹಿಡಿದ ಮಾಲೀಕನಿಗೆ ಶಿಕ್ಷೆ ಏನು? ಹೆಚ್ಚೆಂದರೆ 500 ರೂಪಾಯಿ ದಂಡ. 1996ರಲ್ಲಿ ಬರೆದ ಮೊತ್ತ ಇಂದಿಗೂ ಅಷ್ಟೇ. ಬೆಂಗಳೂರಿನಲ್ಲಿ ಒಬ್ಬ ಗಾರೆಯವನ ಒಂದು ದಿನದ ಕೂಲಿ ಅದಕ್ಕಿಂತ ಹೆಚ್ಚಿದೆ. ಐವತ್ತು ಜನರನ್ನು ಅಂದು ಕೆಲಸಕ್ಕಿಟ್ಟುಕೊಂಡು ಕಾಂಕ್ರೀಟು ಹಾಕಿಸಿದವನಿಗೆ ಈ ದಂಡ ಚಹಾ ತಿಂಡಿಯ ಖರ್ಚಿನಲ್ಲೇ ಹೋಗಿಬಿಡುತ್ತದೆ. ಹಕ್ಕು ಕೊಟ್ಟ ಕೈಯೇ ಅದನ್ನು ಕಾಯುವ ಬೇಲಿಯನ್ನು ಇಷ್ಟು ಗಿಡ್ಡ ಕಟ್ಟಿದ್ದು ಏಕೆ?

ಐನೂರು ಕಿಲೋಮೀಟರಿನ ಓಟು

ಕೂಲಿಯೊಂದೇ ಪ್ರಶ್ನೆಯಾಗಿದ್ದರೆ ಪರಿಹಾರ ಸುಲಭವಿತ್ತು. ಬೆಂಗಳೂರಿನಿಂದ ಯಾದಗಿರಿಗೆ ಹೆಚ್ಚುಕಡಿಮೆ 500 ಕಿಲೋಮೀಟರು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರು. ಅಲ್ಲಿಂದ ಟಂಟಂ ಹಿಡಿದು ಹಳ್ಳಿ ಸೇರಿ, ಸರತಿಯಲ್ಲಿ ನಿಂತು ಮತ ಹಾಕಿ, ರಾತ್ರಿ ಮತ್ತೆ ಬಸ್ಸು. ಕಾಗದದ ಮೇಲೆ ಒಂದೇ ದಿನದ ರಜೆ, ಲೆಕ್ಕದಲ್ಲಿ ಮೂರು ದಿನದ ದುಡಿಮೆಗೆ ಕುತ್ತು. ಗಂಡ ಹೆಂಡತಿ ಇಬ್ಬರೂ ಹೊರಟರೆ ಕಳೆದುಕೊಳ್ಳುವುದು ಆರು ಹಾಜರಿ. ಮಕ್ಕಳನ್ನು ಶೆಡ್ಡಿನಲ್ಲಿ ಬಿಡುವಂತಿಲ್ಲ, ಅವರೂ ಬರಬೇಕು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಚಾರ್ಜು ತಪ್ಪಿತು. ಚುನಾವಣೆಯ ಹಕ್ಕಿಗೆ ಅದು ಎಷ್ಟು ದೊಡ್ಡ ಆಸರೆ ಎಂಬುದನ್ನು ಆ ಯೋಜನೆಯನ್ನು ಹೊಗಳುವವರೂ ತೆಗಳುವವರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಂಡಸಿನ ಚಾರ್ಜು ಮಾತ್ರ ಹಾಗೇ ಉಳಿದಿದೆ. ಎಷ್ಟೋ ಸಲ ಊರಿನ ಯಾವುದೋ ಪಕ್ಷದವರು ಗಾಡಿ ಕಳಿಸುತ್ತಾರೆ. ಕಾನೂನು ಕೊಡದ ದಾರಿಯನ್ನು ಅಭ್ಯರ್ಥಿ ಕೊಟ್ಟಾಗ ಆ ಮತದ ಮೇಲೆ ಯಾರ ಋಣ ಕೂತಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಓಟನ್ನು ಬೆಂಗಳೂರಿಗೇ ಬದಲಿಸಿಕೊಳ್ಳಬಾರದೇ ಎಂದು ಓದುಬರಹ ಬಲ್ಲವರು ಕೇಳುತ್ತಾರೆ. ಬದಲಿಸಿಕೊಳ್ಳಬಹುದು. ಮಾಮೂಲಾಗಿ ವಾಸಿಸುವ ಜಾಗದಲ್ಲಿ ಹೆಸರು ಸೇರಿಸಲು ಕಾನೂನು ಅವಕಾಶ ಕೊಡುತ್ತದೆ, ನಮೂನೆ 8 ತುಂಬಿದರೆ ವಿಳಾಸ ಬದಲಾಗುತ್ತದೆ, ಬಾಡಿಗೆ ಕರಾರು ಇಲ್ಲದವರ ವಾಸವನ್ನು ಬೂತ್ ಮಟ್ಟದ ಅಧಿಕಾರಿ ಬಂದು ನೋಡಿಯೂ ದೃಢಪಡಿಸಬಹುದು. ಆದರೆ ಕಟ್ಟಡ ಮುಗಿದ ಮೇಲೆ ಶೆಡ್ಡು ಕೀಳುತ್ತಾರೆ. ಈ ವರ್ಷ ಸರ್ಜಾಪುರ, ಬರುವ ವರ್ಷ ದೇವನಹಳ್ಳಿ. ಅದಕ್ಕಿಂತ ದೊಡ್ಡ ಕಾರಣ ಊರಿನಲ್ಲಿದೆ. ಪಡಿತರ ಚೀಟಿ ಅಲ್ಲಿ, ಎರಡೆಕರೆ ಹೊಲದ ಪಹಣಿ ಅಲ್ಲಿ, ಅವ್ವ ಅಪ್ಪ ಅಲ್ಲಿ. ಗ್ರಾಮ ಪಂಚಾಯಿತಿಯವರು ಮನೆ ಮಂಜೂರು ಮಾಡುವಾಗ ಮೊದಲು ನೋಡುವುದು ‘ಇವರು ನಮ್ಮೂರಿನವರೇ’ ಎಂಬುದನ್ನು. ಆ ಪಟ್ಟಿಯಿಂದ ಹೆಸರು ತೆಗೆಸುವುದೆಂದರೆ ಊರಿನಿಂದಲೇ ಕಾಲು ಕಿತ್ತಂತೆ. ದುಡಿಮೆ ಒಂದು ಕಡೆ, ಬದುಕಿನ ಬೇರು ಒಂದು ಕಡೆ ಇರುವವರಿಗೆ ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವುದು ನ್ಯಾಯದ ಮಾತಲ್ಲ.

ಆಯೋಗಕ್ಕೂ ಇದು ಗೊತ್ತು. 2022ರ ಡಿಸೆಂಬರಿನಲ್ಲಿ ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯೊಂದನ್ನು ಅದು ಘೋಷಿಸಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳವರೆಗೆ ನಿಭಾಯಿಸಬಲ್ಲ ಯಂತ್ರ. 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದು ತೋರಿಸಲು ಹೊರಟಾಗ ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗ ಎಂದರೆ ಯಾರು, ಅಷ್ಟು ದೂರದ ಮತಗಟ್ಟೆಯಲ್ಲಿ ಪಕ್ಷದ ಏಜೆಂಟರನ್ನು ಹೇಗೆ ಕೂರಿಸುವುದು ಎಂಬ ಪ್ರಶ್ನೆಗಳು ಸುಳ್ಳಲ್ಲ. ಆದರೆ 2024ರ ಚುನಾವಣೆ ಬಂದು ಹೋಯಿತು, ವಲಸೆ ಕಾರ್ಮಿಕರ ಪಾಲಿಗೆ ಉಳಿದದ್ದು ಮತ್ತೆ ಅದೇ ರಾತ್ರಿ ಬಸ್ಸು.

ಬೆಂಗಳೂರನ್ನು ಬೈಯುವವರಿಗೆ

ಪ್ರತಿ ಚುನಾವಣೆಯ ಮಾರನೇ ದಿನ ಬೆಂಗಳೂರಿಗೆ ಬೈಗುಳದ ಸರದಿ. 2024ರಲ್ಲಿ ಮಂಡ್ಯ ಶೇ 81 ದಾಟಿದಾಗ ಬೆಂಗಳೂರು ದಕ್ಷಿಣ ಶೇ 53ರ ಆಸುಪಾಸಿನಲ್ಲೇ ನಿಂತಿತು. ಶುಕ್ರವಾರ ರಜೆ ಸಿಕ್ಕಿತೆಂದು ಮೂರು ದಿನ ಸೇರಿಸಿ ಚಿಕ್ಕಮಗಳೂರು, ಕೊಡಗು ಎಂದು ಹೊರಟವರಿದ್ದರು, ಸುಳ್ಳಲ್ಲ. 2023ರ ವಿಧಾನಸಭಾ ಚುನಾವಣೆಗೆ ಬುಧವಾರವನ್ನು ಗೊತ್ತುಮಾಡಿದ್ದೇ ಇದಕ್ಕಾಗಿ ಎಂದು ಆಗಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್ ಹೇಳಿದ್ದರು: ವಾರದ ನಡುವೆ ಬಂದರೆ ರಜೆ ಜೋಡಿಸುವುದು ಕಷ್ಟ ಎಂಬ ಲೆಕ್ಕ. ಆ ಸಲ ರಾಜ್ಯದ ಒಟ್ಟು ಮತದಾನ ಶೇ 73.19ಕ್ಕೆ ಏರಿತು, ಬೆಂಗಳೂರು ಆಗಲೂ ಹಿಂದೆಯೇ ಉಳಿಯಿತು. ಊರು ಬಿಟ್ಟವರ, ಮನೆ ಬದಲಿಸಿದವರ ಹೆಸರುಗಳು ಹಾಗೇ ಉಳಿದ ಪಟ್ಟಿಗೂ ಇದರಲ್ಲಿ ಪಾಲಿದೆ.

ಬೆರಳಿನ ಶಾಯಿ ತೋರಿಸಿದವರಿಗೆ ಹೋಟೆಲಿನಲ್ಲಿ ಬೆಣ್ಣೆ ದೋಸೆ ಕೊಡುವ ಸಂಭ್ರಮ ನಮ್ಮಲ್ಲಿದೆ. ಆ ಶಾಯಿಯೂ ನಮ್ಮದೇ: 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಹುಟ್ಟಿದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ದೇಶಕ್ಕೆಲ್ಲ ಅದನ್ನು ಒದಗಿಸುತ್ತಿದೆ. ದೋಸೆ ಕೊಡುವುದು ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಬೆರಳು ತೋರಿಸಿದರೆ ಮಾತ್ರ ಅಂದಿನ ಕೂಲಿ ಎಂಬ ಷರತ್ತನ್ನು ಕೆಲವು ಮಾಲೀಕರು ಹಾಕುತ್ತಾರಲ್ಲ, ಅದು ತಪ್ಪು. 135ಬಿ ಕೇಳುವುದು ಮತದ ಹಕ್ಕಿದೆಯೇ ಎಂದಷ್ಟೇ. ಹಾಕಿದ್ದಕ್ಕೆ ಪುರಾವೆ ಕೇಳುವುದಿಲ್ಲ. ಇನ್ನು ಕೆಲವೆಡೆ ‘ಇವತ್ತಿನ ರಜೆಗೆ ಭಾನುವಾರ ಬಂದು ದುಡಿದುಕೊಡಿ’ ಎನ್ನುತ್ತಾರೆ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಳ್ಳುವ ಈ ಪದ್ಧತಿಗೆ ಕಲಮಿನಲ್ಲಿ ಜಾಗವಿಲ್ಲ. ರಜೆ ಇದ್ದೂ ಮತ ಹಾಕದವರನ್ನು ಬೈಯುವ ಗದ್ದಲದಲ್ಲಿ, ಮತ ಹಾಕಬೇಕೆಂದಿದ್ದೂ ರಜೆ ಸಿಗದವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಪಾರ್ಟ್‌ಮೆಂಟಿನವರ ಸೋಮಾರಿತನ ಸುದ್ದಿಯಾಗುತ್ತದೆ, ಅದನ್ನು ಕಟ್ಟಿದವರ ಕೂಲಿ ಸುದ್ದಿಯಾಗುವುದಿಲ್ಲ.

ಅಮೆರಿಕದ ಎರಡು ಮೊಕದ್ದಮೆಗಳು

ಮತದಾನದ ದಿನದ ಕೂಲಿಯ ಪ್ರಶ್ನೆಯನ್ನು ಕೋರ್ಟಿನವರೆಗೆ ಒಯ್ದು ಬಡಿದಾಡಿದ ದೇಶ ಅಮೆರಿಕ. ಅಲ್ಲಿ ರಾಷ್ಟ್ರೀಯ ಚುನಾವಣೆ ನಡೆಯುವುದು ನವೆಂಬರಿನ ಮೊದಲ ಸೋಮವಾರದ ಮರುದಿನ ಬರುವ ಮಂಗಳವಾರ. ರೈತರು ಕುದುರೆಗಾಡಿ ಕಟ್ಟಿಕೊಂಡು ಪೇಟೆಗೆ ಬರುತ್ತಿದ್ದ ಕಾಲದ, 1845ರ ಕಾನೂನು ಅದು. ಆ ದಿನ ದೇಶಕ್ಕೆಲ್ಲ ರಜೆಯಿಲ್ಲ. ಮತ ಹಾಕಲು ಕೆಲಸದಿಂದ ಬಿಡುವು ಕೊಡಬೇಕೆಂಬ ಕೇಂದ್ರ ಕಾನೂನೂ ಇಲ್ಲ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಬೇರೆ ಹೊತ್ತು ಸಾಲದಿದ್ದರೆ ಎರಡು ಗಂಟೆಯವರೆಗೆ ಸಂಬಳಸಹಿತ ಬಿಡುವು. ಇಡೀ ದಿನ ಕೊಡುವ ನಮ್ಮ ಕಾನೂನು ಇದರ ಮುಂದೆ ಬಹಳ ಉದಾರ.

ಆದರೆ ಗಂಟೆಗಳ ಲೆಕ್ಕದ ಆ ಬಿಡುವನ್ನು ಅವರು ಹೇಗೆ ಕಾಯ್ದುಕೊಂಡರು ನೋಡಿ. 1946ರ ನವೆಂಬರಿನಲ್ಲಿ ಮಿಸ್ಸೂರಿ ರಾಜ್ಯದ ಡೇ-ಬ್ರೈಟ್ ಲೈಟಿಂಗ್ ಎಂಬ ಕಂಪನಿ ಮತದಾನದ ದಿನ ತನ್ನ ಕೆಲಸಗಾರರನ್ನು ನಾಲ್ಕೂವರೆಯ ಬದಲು ಮೂರು ಗಂಟೆಗೆ ಬಿಟ್ಟಿತು. ಬಿಟ್ಟ ಒಂದೂವರೆ ಗಂಟೆಯ ಕೂಲಿ ಹಿಡಿಯಿತು. ಮತ ಹಾಕಲು ನಾಲ್ಕು ಗಂಟೆ ಬಿಡುವು ಕೊಡಬೇಕು, ಅದಕ್ಕೆ ಕೂಲಿ ಹಿಡಿಯಬಾರದು ಎಂಬ ಕಾನೂನು ಆ ರಾಜ್ಯದಲ್ಲಿ 1897ರಿಂದಲೇ ಇತ್ತು. ಕಂಪನಿಗೆ ಶಿಕ್ಷೆಯಾಯಿತು. ದುಡಿಯದ ಹೊತ್ತಿಗೆ ಕೂಲಿ ಕೊಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಕಂಪನಿ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1952ರಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ತೀರ್ಪು ಆ ವಾದವನ್ನು ತಳ್ಳಿಹಾಕಿ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಒಬ್ಬ ಕೆಲಸಗಾರನ ಒಂದೂವರೆ ಗಂಟೆಯ ಕೂಲಿಗೆ ದೇಶದ ಅತ್ಯುನ್ನತ ಕೋರ್ಟಿನಲ್ಲಿ ವಾದ ನಡೆಯಿತು ಎಂಬುದನ್ನು ನೆನೆದಾಗಲೆಲ್ಲ ನನ್ನಲ್ಲಿ ಗೌರವ ಮೂಡುತ್ತದೆ.

ಇನ್ನೊಂದು ಮೊಕದ್ದಮೆ ಜ್ಯೂರಿಗೆ, ಅಂದರೆ ಮೊಕದ್ದಮೆ ಕೇಳಿ ತೀರ್ಮಾನ ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ತಂಡಕ್ಕೆ ಸಂಬಂಧಿಸಿದ್ದು. ಅಲ್ಲಿ ಮತದ ಹಕ್ಕಿನ ಜೊತೆಗೆ ಜ್ಯೂರಿಯ ಕರೆಯೂ ಬರುತ್ತದೆ. ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿಯ ಪಟ್ಟಿಗಳಿಂದ ಹೆಸರು ಎತ್ತಿ ಸಮನ್ಸ್ ಕಳಿಸುತ್ತಾರೆ. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರ ಮನೆಗೂ ಆ ಲಕೋಟೆ ಬರುತ್ತದೆ. ಪೌರತ್ವ ಇಲ್ಲದವರಿಗೆ ಕೆಲವೊಮ್ಮೆ ಬಂದಾಗ, ತಾನು ಪೌರನಲ್ಲ ಎಂದು ಗುರುತು ಹಾಕಿ ವಾಪಸು ಕಳಿಸಬೇಕು. ಕಂಪನಿಯ ದೊಡ್ಡ ಹುದ್ದೆಯಲ್ಲಿರುವವರಿಗೆ ಸಂಬಳ ನಡೆಯುತ್ತಿರುತ್ತದೆ. ಗಂಟೆ ಲೆಕ್ಕದ ಕೂಲಿಯವರ ಗತಿ?

1940ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕೋರ್ಟಿನ ಸಿಬ್ಬಂದಿ ಇದಕ್ಕೊಂದು ಉಪಾಯ ಹುಡುಕಿದ್ದರು. ಜ್ಯೂರಿಯಲ್ಲಿ ಕೂರುವವರಿಗೆ ಆಗ ದಿನಕ್ಕೆ 4 ಡಾಲರ್. ದಿನಗೂಲಿಯವರನ್ನು ಕರೆದರೆ ಕಷ್ಟವೆಂದು ಹೇಳಿ ಬಿಡಿಸಿಕೊಂಡು ಹೋಗುತ್ತಾರೆ; ಆದ್ದರಿಂದ ಅವರ ಹೆಸರನ್ನು ಪಟ್ಟಿಗೇ ಸೇರಿಸಬೇಡಿ. ಇದನ್ನವರು ಕೋರ್ಟಿನಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಓಡುವ ರೈಲಿನ ಕಿಟಕಿಯಿಂದ ಹಾರಿದ ಥೀಲ್ ಎಂಬ ಪ್ರಯಾಣಿಕ, ತನ್ನ ಮನಸ್ಸು ಸ್ಥಿಮಿತದಲ್ಲಿಲ್ಲವೆಂದು ತಿಳಿದೂ ರೈಲಿನವರು ಕಾಯಲಿಲ್ಲವೆಂದು ಸದರ್ನ್ ಪೆಸಿಫಿಕ್ ಕಂಪನಿಯ ಮೇಲೆ ಹೂಡಿದ್ದ ದಾವೆಯಲ್ಲಿ ಈ ಸಂಗತಿ ಹೊರಬಿತ್ತು. 1946ರಲ್ಲಿ ನ್ಯಾಯಮೂರ್ತಿ ಫ್ರಾಂಕ್ ಮರ್ಫಿ ಬರೆದ ತೀರ್ಪು ಇದನ್ನು ಒಪ್ಪಲಿಲ್ಲ. ನಿಜವಾಗಿ ಕಷ್ಟವಿರುವ ಒಬ್ಬೊಬ್ಬರನ್ನು ಬಿಡಬಹುದು. ಆದರೆ ಕೂಲಿಯವರು ಎಂಬ ಇಡೀ ವರ್ಗವನ್ನು ಹೊರಗಿಟ್ಟರೆ ಜ್ಯೂರಿ ಜನರದ್ದಾಗಿ ಉಳಿಯುವುದಿಲ್ಲ ಎಂಬುದು ಅದರ ತಿರುಳು. ದಾವೆಯ ತೀರ್ಪು ರದ್ದಾಯಿತು.

ಸಿಬ್ಬಂದಿಯ ಆ ಉಪಾಯದಲ್ಲಿ ನನಗೆ ನಮ್ಮ ಇಂದಿನ ಸ್ಥಿತಿ ಕಾಣುತ್ತದೆ. ಕೂಲಿಯವರಿಗೆ ಕಷ್ಟವಾದೀತು ಎಂಬ ಕರುಣೆಯ ಹೆಸರಿನಲ್ಲೇ ಅವರನ್ನು ಪಟ್ಟಿಯಿಂದ ಕೈಬಿಟ್ಟಿದ್ದರು. ಅವರ ಕೂಲಿ ತುಂಬಿಕೊಡುವ ದಾರಿ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಯೂ ಆ ಗಾಯ ಪೂರ್ತಿ ಮಾಗಿಲ್ಲ. ಫೆಡರಲ್ ಕೋರ್ಟುಗಳಲ್ಲಿ ಈಗ ಜ್ಯೂರಿಗೆ ದಿನಕ್ಕೆ 50 ಡಾಲರ್. ಕ್ಯಾಲಿಫೋರ್ನಿಯಾದ ಬಹುಪಾಲು ಕೋರ್ಟುಗಳಲ್ಲಿ ಎರಡನೇ ದಿನದಿಂದ 15 ಡಾಲರ್, ಅಂದರೆ ಆ ರಾಜ್ಯದ ಒಂದು ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ. ಕೆಲಸದಿಂದ ತೆಗೆಯಬಾರದೆಂಬ ರಕ್ಷಣೆ ಉಂಟು. ಸಂಬಳ ಕೊಡಲೇಬೇಕೆಂಬ ಕೇಂದ್ರ ಕಾನೂನಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ಮೊದಲ ಮೂರು ದಿನದ ಸಂಬಳವನ್ನು ಮಾಲೀಕರ ಮೇಲೆ ಹಾಕಿ, ನಾಲ್ಕನೇ ದಿನದಿಂದ ತಾನೇ 50 ಡಾಲರ್ ಕೊಡುತ್ತದೆ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡಿಮೆ ಆದಾಯದವರಿಗೆ ದಿನಕ್ಕೆ 100 ಡಾಲರ್ ಕೊಟ್ಟು ಜ್ಯೂರಿಗೆ ಕರೆಯುವ ಪ್ರಯೋಗಕ್ಕೆ ಕೈಹಾಕಿತು. ಕೂಲಿಯವರನ್ನು ಹೊರಗಿಟ್ಟಿದ್ದ ಊರೇ ಅವರನ್ನು ದುಡ್ಡು ಕೊಟ್ಟು ಕರೆಯುವಂತಾಯಿತು.

ನಮ್ಮಲ್ಲಿ ಜ್ಯೂರಿ ಈಗಿಲ್ಲ. 1959ರ ನಾನಾವತಿ ಪ್ರಕರಣದಲ್ಲಿ ಬಾಂಬೆಯ ಜ್ಯೂರಿ 8-1ರಿಂದ ನಿರ್ದೋಷಿ ಎಂದದ್ದನ್ನು ಹೈಕೋರ್ಟು ತಿರುಗಿಸಿತು. ಅದಾದ ಮೇಲೂ ಕೆಲವೆಡೆ ಉಸಿರಾಡುತ್ತಿದ್ದ ಪದ್ಧತಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆ ಜಾಗ ಕೊಡಲಿಲ್ಲ. ಆದರೆ ಸಾಕ್ಷಿಯ ಸಮನ್ಸ್ ಇದೆ. ಕಣ್ಣಾರೆ ಅಪಘಾತ ಕಂಡ ತಪ್ಪಿಗೆ ಕೂಲಿ ಬಿಟ್ಟು ತಾಲ್ಲೂಕಿನ ಕೋರ್ಟಿಗೆ ಬಂದು, ಸಂಜೆಯವರೆಗೆ ವರಾಂಡದಲ್ಲಿ ಕೂತು, ‘ಇವತ್ತಿಲ್ಲ, ಮುಂದಿನ ವಾಯಿದೆಗೆ ಬನ್ನಿ’ ಎನ್ನಿಸಿಕೊಂಡು ಹೋಗುವವರನ್ನು ಯಾವ ಕೋರ್ಟಿನ ಆವರಣದಲ್ಲೂ ನೋಡಬಹುದು. ಸಾಕ್ಷಿಗಳನ್ನು ಹೀಗೆ ಅಲೆಸುವುದರ ಬಗ್ಗೆ, ಅವರ ಬತ್ತಾದ ಬಗ್ಗೆ ಸುಪ್ರೀಂ ಕೋರ್ಟು 2000ದ ಸ್ವರಣ್ ಸಿಂಗ್ ಪ್ರಕರಣದಲ್ಲಿ ನೊಂದು ಬರೆದಿತ್ತು. ಸಾಕ್ಷಿ ಹೇಳಲು ಹೋದ ದಿನದ ಕೂಲಿಗೆ 135ಬಿಯಂಥ ಒಂದು ಕಲಮು ನಮ್ಮಲ್ಲಿನ್ನೂ ಹುಟ್ಟಿಲ್ಲ.

ಕಲಮಿನ ಹೊರಗೆ ಉಳಿದವರು

ಇರುವ ಕಲಮಿನಲ್ಲೂ ಎಷ್ಟೋ ಜನ ಹಿಡಿಸುವುದಿಲ್ಲ. ಗೈರಾದರೆ ಅಪಾಯ ಅಥವಾ ಭಾರಿ ನಷ್ಟವಾಗುವ ಕೆಲಸದವರಿಗೆ ರಜೆ ಕೊಡಬೇಕಿಲ್ಲ ಎಂದು ನಾಲ್ಕನೇ ಉಪಕಲಮು ಹೇಳುತ್ತದೆ. ಐಸಿಯು ನರ್ಸ್, ವಿದ್ಯುತ್ ಕೇಂದ್ರದವರು ಸರಿ. ಆದರೆ ‘ಭಾರಿ ನಷ್ಟ’ವನ್ನು ಅಳೆಯುವ ಕೋಲು ಮಾಲೀಕನ ಕೈಯಲ್ಲೇ ಇದೆ. ಊಟ ತಂದುಕೊಡುವ ಹುಡುಗರನ್ನು ಆ್ಯಪ್‌ಗಳು ನೌಕರರೆಂದೇ ಒಪ್ಪುವುದಿಲ್ಲ, ಪಾಲುದಾರರೆನ್ನುತ್ತವೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ದೊಡ್ಡ ಹೆಜ್ಜೆ, ಆದರೆ ಅದು ಸಾಮಾಜಿಕ ಭದ್ರತೆಯದು, ರಜೆಯದ್ದಲ್ಲ. ಮನೆಗೆಲಸದ ಹೆಂಗಸರು ಯಾವ ‘ಸಂಸ್ಥೆ’ಯಲ್ಲಿ ದುಡಿಯುತ್ತಾರೆ? ಅವರ ಮತಕ್ಕೆ ಮನೆಯೊಡತಿಯ ಒಪ್ಪಿಗೆಯೇ ಕಲಮು. ‘ಅಕ್ಕಾ, ನಾಳೆ ಓಟು, ಬರಲ್ಲ’ ಎಂದಾಗ ‘ಪಾತ್ರೆ ತೊಳೆದಿಟ್ಟು ಹೋಗಮ್ಮ’ ಎನ್ನುವವರೂ ನಾವೇ, ಶೇಕಡಾವಾರು ಕುಸಿಯಿತೆಂದು ಟೀವಿ ಮುಂದೆ ಮರುಗುವವರೂ ನಾವೇ.

ಮಾಡಬೇಕಾದ ಕೆಲವು ಕೆಲಸಗಳಿಗೆ ಹೊಸ ಯಂತ್ರವೂ ಬೇಡ, ಸಂವಿಧಾನ ತಿದ್ದುವುದೂ ಬೇಡ. 500 ರೂಪಾಯಿಯ ದಂಡವನ್ನು ತಲೆಗಿಷ್ಟು ಎಂದು ಹಿಡಿದ ಕೂಲಿಯ ಹಲವು ಪಟ್ಟು ಮಾಡಲು ಸಂಸತ್ತಿಗೆ ಒಂದು ಸಣ್ಣ ತಿದ್ದುಪಡಿ ಸಾಕು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಹೊಣೆ ಎಂದು ಅದರಲ್ಲೇ ಬರೆಯಬಹುದು. ಪ್ರತಿ ಹಂತದ ಮತದಾನಕ್ಕೂ ಮುನ್ನ ಕಾರ್ಮಿಕ ಇಲಾಖೆಯವರು ಶೆಡ್ಡುಗಳ ಗೋಡೆಗೆ ‘ಯಾವ ಜಿಲ್ಲೆಯವರಿಗೆ ಯಾವ ದಿನ ಕೂಲಿಸಹಿತ ರಜೆ’ ಎಂದು ಕನ್ನಡ, ಹಿಂದಿ, ತೆಲುಗು, ಒಡಿಯಾಗಳಲ್ಲಿ ಒಂದು ಹಾಳೆ ಅಂಟಿಸಬಹುದು.

ಪ್ರಯಾಣದ ಎರಡು ದಿನಕ್ಕೂ ಹಣದ ದಾರಿ ಇದೆ. 135ಬಿ ಬಂದ 1996ರಲ್ಲೇ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆಯೂ ಬಂತು. ಕಟ್ಟುವ ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಹಣ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ಹಣ ಇವರ ಬೆವರಿನದೇ. ನೋಂದಾಯಿತ ಕಾರ್ಮಿಕರು ಮತ ಹಾಕಲು ಊರಿಗೆ ಹೋಗಿಬರುವ ಎರಡು ದಿನದ ಕೂಲಿ, ಗಂಡಸಿನ ಬಸ್ ಚಾರ್ಜನ್ನು ಅದರಿಂದ ತುಂಬಿಕೊಡುವಂತೆ ಒಂದು ಯೋಜನೆ ಮಾಡಬೇಕು. ಯಾವ ಅಭ್ಯರ್ಥಿಯ ಗಾಡಿಯನ್ನೂ ಹತ್ತದೆ, ಯಾರ ಋಣವೂ ಇಲ್ಲದೆ ಅವರು ಮತಗಟ್ಟೆಗೆ ಹೋಗಿಬರಬಹುದು.

ಇದರಲ್ಲಿ ಅರ್ಜೆಂಟಾದದ್ದೊಂದಿದೆ. 135ಬಿ ಲೋಕಸಭೆ, ವಿಧಾನಸಭೆಗಳಿಗೆ ಮಾತ್ರ. ಗ್ರಾಮ ಪಂಚಾಯಿತಿ, ಪಾಲಿಕೆಗಳ ಚುನಾವಣೆಯಲ್ಲಿ ರಾಜ್ಯದ ಕಾನೂನು, ಆದೇಶಗಳನ್ನೇ ನೆಚ್ಚಬೇಕು. ಬೆಂಗಳೂರು ಕೊನೆಯ ಸಲ ತನ್ನ ಪಾಲಿಕೆ ಸದಸ್ಯರನ್ನು ಆರಿಸಿದ್ದು 2015ರ ಆಗಸ್ಟಿನಲ್ಲಿ. ಆ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಈಗ ಒಂದಿದ್ದ ಪಾಲಿಕೆ ಐದಾಗಿದೆ. ಈ ಐದು ಪಾಲಿಕೆಗಳ ಚುನಾವಣೆಗೆ ಸರ್ಕಾರ ಹೊರಡಿಸುವ ರಜೆಯ ಆದೇಶದಲ್ಲಿ ‘ದಿನಗೂಲಿಯವರಿಗೂ, ಗುತ್ತಿಗೆಯವರಿಗೂ, ಮನೆಗೆಲಸದವರಿಗೂ ಅಂದಿನ ಪೂರ್ತಿ ಕೂಲಿ’ ಎಂಬ ಒಂದು ಸಾಲು ಇರಲೇಬೇಕೆಂದು ಕಾರ್ಮಿಕ ಸಂಘಗಳು, ವಾರ್ಡಿನ ನಾಗರಿಕ ಸಮಿತಿಗಳು ಈಗಲೇ ಪತ್ರ ಬರೆಯಬೇಕು. ಆದೇಶ ಟೈಪಾದ ಮೇಲೆ ಹೊಸ ಸಾಲು ಸೇರಿಸುವುದು ಕಷ್ಟ.